ಸೆಲ್ಫ್ ಹೊಡೆಯಬೇಡಿ

ಊರಿಗೊಂದಾದರೂ ಇರುತ್ತದೆ. ಹಳೇ ಮನೆಯ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲು ಅರ್ಧ ಹೊದ್ದು, ನಾಲ್ಕೂ ಟೈರು ಚಪ್ಪಟೆಯಾಗಿ ನಿಂತ ಬಿಳಿ ಅಂಬಾಸಿಡರ್. ಬಾನೆಟ್ಟಿನ ಮೇಲೆ ಕೋಳಿ, ಡಿಕ್ಕಿಯಲ್ಲಿ ಗೋಣಿಚೀಲ. ಕೇಳಿದರೆ ಎಲ್ಲರದ್ದೂ ಒಂದೇ ಮಾತು: "ಎಂಜಿನ್ ಏನೂ ಆಗಿಲ್ಲ ಸಾರ್, ಬ್ಯಾಟರಿ ಒಂದು ಹಾಕಿದ್ರೆ ಸಾಕು." ಈ ಮಾತು ನಂಬಿ ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆದವರ ಪುಣ್ಯದಿಂದ ಎಷ್ಟೋ ಲೇತ್ ಅಂಗಡಿಗಳು ನಡೆಯುತ್ತಿವೆ.

ಓಡುವ ಎಂಜಿನ್ ಸವೆಯುತ್ತದೆ, ನಿಜ. ಆದರೆ ಸವೆತ ಮರ್ಯಾದೆಯಿಂದ ಹೇಳಿಕೇಳಿ ಬರುತ್ತದೆ. ಮೊದಲು ಹೊಗೆ, ಆಮೇಲೆ ಸದ್ದು. ನಿಂತ ಎಂಜಿನ್ ಕೆಡುವುದು ಯಾರಿಗೂ ತಿಳಿಯುವುದಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ ಯಾವ ಭಂಗಿಯಲ್ಲಿ ನಿಂತರೂ ಯಾವುದೋ ಒಂದು ವಾಲ್ (ಗಾಳಿ, ಹೊಗೆ ಓಡಾಡುವ ಬಾಗಿಲು) ತೆರೆದೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವದ ಗಾಳಿ ಆ ದಾರಿಯಲ್ಲಿ ಒಳಗೆ ಹೋಗಿ, ಎರಕದ ಕಬ್ಬಿಣದ ಬೋರಿನ, ಅಂದರೆ ಸಿಲಿಂಡರಿನ ಒಳಗೋಡೆಯ, ಮೇಲೆ ಕೂರುತ್ತದೆ. ಪಿಸ್ಟನ್ ರಿಂಗು ನಿಂತ ಜಾಗದಲ್ಲೇ ತುಕ್ಕಿನ ಒಂದು ಗೆರೆ ಕಟ್ಟಿ ಎರಡನ್ನೂ ಬೆಸೆಯುತ್ತದೆ. ಈಗ ಸೆಲ್ಫ್ ಹೊಡೆದರೆ ರಿಂಗು ಮುರಿಯಬಹುದು, ಬೋರಿಗೆ ಉದ್ದನೆಯ ಗೀರು ಬೀಳಬಹುದು. ಎರಡೂ ಆಗುವುದೇ ಹೆಚ್ಚು.

ಅಂಬಾಸಿಡರ್‌ನ ಬಹುಕಾಲದ ಪೆಟ್ರೋಲ್ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್: 1489 ಸಿಸಿ, 73.025 ಮಿ.ಮೀ. ಬೋರ್, 88.9 ಮಿ.ಮೀ. ಸ್ಟ್ರೋಕ್, ಮೂರೇ ಮೇನ್ ಬೇರಿಂಗು. ಕಲ್ಕತ್ತೆ ಬಳಿಯ ಉತ್ತರಪಾರಾದಲ್ಲಿ 2014ರಲ್ಲಿ ಕಾರಿನ ತಯಾರಿಕೆಯೇ ನಿಂತರೂ ಈ ಎಂಜಿನ್ನಿನ ಜ್ಞಾನ ಅನಾಥವಾಗಿಲ್ಲ. ಇದೇ ಕುಟುಂಬದ ದೊಡ್ಡಣ್ಣ ಎಂಜಿಬಿ ಸ್ಪೋರ್ಟ್ಸ್ ಕಾರಿನಲ್ಲಿ ಕೂತಿದ್ದರಿಂದ ಇಂಗ್ಲೆಂಡಿನವರು ಇಂದಿಗೂ ಅದರ ಒಂದೊಂದು ನಟ್ಟಿನ ಬಗ್ಗೆಯೂ ವಾದಿಸುತ್ತಾರೆ. ಬಾನೆಟ್ ಎತ್ತಿದಾಗ ಇಸುಜು 1800 ಕಂಡರೆ ಕೆಳಗೆ ಹೇಳಿದ್ದರಲ್ಲಿ ಅರ್ಧ ಅನ್ವಯಿಸುವುದಿಲ್ಲ. ಅದು ಬೇರೆ ಜಾತಿ.

ಮೊದಲು ಸ್ಪ್ಯಾನರ್ ವಿಚಾರ. ಈ ಎಂಜಿನ್ನಿನ ನಟ್ಟುಗಳು ಇಂಚಿನ ಲೆಕ್ಕದವು. ಅರ್ಧ ಇಂಚಿನ ನಟ್ಟಿಗೆ 13ರ ಸ್ಪ್ಯಾನರ್ ಕೂರುತ್ತದೆ ಅನ್ನಿಸುತ್ತದೆ; 0.3 ಮಿ.ಮೀ. ಸಡಿಲ, ಅಷ್ಟೇ. ತುಕ್ಕು ಹಿಡಿದ ನಟ್ಟಿನ ಮೂಲೆ ಉರುಟಾಗಲು ಅಷ್ಟು ಸಾಕು. 7/16, 1/2, 9/16ರ ರಿಂಗ್ ಸ್ಪ್ಯಾನರುಗಳನ್ನು ಮೊದಲೇ ಕೊಳ್ಳಬೇಕು. ಬೆಂಗಳೂರಿನ ಜೆ.ಸಿ. ರಸ್ತೆಗೆ ಗ್ಯಾಸ್ಕೆಟ್ ಕಿಟ್ ತರಲು ಹೇಗೂ ಹೋಗಲೇಬೇಕಾಗುತ್ತದೆ.

ಪ್ಲಗ್ ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಗಾಳಿ ಹೊಡೆದು ಹಾರಿಸಿ, ಇಲ್ಲದಿದ್ದರೆ ಅದು ನೇರ ಬೋರಿಗೆ ಬೀಳುತ್ತದೆ. ನಾಲ್ಕೂ ಪ್ಲಗ್ ತೆಗೆದು, ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ) ಎಣ್ಣೆ ಮತ್ತು ಅಸಿಟೋನನ್ನು ಸಮಸಮ ಬೆರೆಸಿ, ಒಂದೊಂದು ಸಿಲಿಂಡರಿಗೆ 50 ಮಿ.ಲೀ.ನಷ್ಟು ಸುರಿಯಬೇಕು. ಇವೆರಡೂ ಒಂದರಲ್ಲೊಂದು ಕರಗುವುದಿಲ್ಲ, ಪ್ರತಿ ಸಲ ಕುಲುಕಿ ಸುರಿಯಿರಿ. ಬೀಡಿ ಸೇದುವವರನ್ನು ದೂರ ಕಳಿಸಿ. ಇನ್ನು ಕಾಯುವ ಕೆಲಸ. ಒಂದು ವಾರ, ಬೇಕಾದರೆ ಎರಡು. ನಡುನಡುವೆ ಇಣುಕಿ, ಇಂಗಿ ಹೋಗಿದ್ದರೆ ಮತ್ತೆ ಸುರಿಯುವುದು. ಈ ಹಂತದಲ್ಲೇ ದಾರಿಹೋಕರೆಲ್ಲ ಸಲಹೆಗಾರರಾಗುತ್ತಾರೆ. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿ ಅನ್ನುವವನಿಗೆ ಕಾಫಿ ಕೊಟ್ಟು ಕಳಿಸುವುದು ಕ್ಷೇಮ.

ಕಾಯುವಾಗ ನೀರು ಖಾಲಿ ಮಾಡಬಹುದು. ರೇಡಿಯೇಟರಿನದು ಸುಲಭ. ಬ್ಲಾಕಿನ ಹಿಂಭಾಗದಲ್ಲಿ, ಡೆಲ್ಕೋ (ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ಇರುವ ಬದಿಯಲ್ಲಿ, ಇನ್ನೊಂದು ನಲ್ಲಿ ಇದೆ. ಅದನ್ನು ತೆರೆದರೆ ಒಂದು ಹನಿಯೂ ಬರುವುದಿಲ್ಲ. ಬರೀ ನಲ್ಲಿನೀರು ಹಾಕಿ ಓಡಿಸಿದ ವರ್ಷಗಳ ತುಕ್ಕಿನ ಕೆಸರೆಲ್ಲ ಅಲ್ಲಿ, ನಾಲ್ಕನೇ ಸಿಲಿಂಡರಿನ ಬುಡದಲ್ಲಿ, ಗಟ್ಟಿಯಾಗಿ ಕೂತಿರುತ್ತದೆ. ನಲ್ಲಿ ಬಿಚ್ಚಿ ತಂತಿಯಿಂದ ಕೆದಕಬೇಕು. ಹಳೇ ಅಂಬಾಸಿಡರ್ ಘಟ್ಟ ಹತ್ತುವಾಗ ಕುದಿಯುವುದಕ್ಕೆ ರೇಡಿಯೇಟರನ್ನು ಬೈದು ಬದಲಾಯಿಸುವವರು ಈ ಕೆಸರನ್ನು ನೋಡಿಯೇ ಇರುವುದಿಲ್ಲ.

ವಾರ ಕಳೆದ ಮೇಲೆ ಗೇರನ್ನು ನ್ಯೂಟ್ರಲ್‌ಗೆ ತಂದು, ಮುಂದಿನಿಂದ ಹ್ಯಾಂಡಲ್ ತೂರಿಸಿ ಮೆಲ್ಲಗೆ ಒತ್ತಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ಗೆದ್ದಂತೆ. ಒಮ್ಮೆಲೇ ಬಲ ಹಾಕದೆ ಸ್ವಲ್ಪಸ್ವಲ್ಪವೇ ಒತ್ತುತ್ತ ಸುತ್ತು ಪೂರ್ತಿಯಾಗಿಸಬೇಕು. ಪೂರ್ತಿ ತಿರುಗಿತೆಂದು ಸಂಭ್ರಮಿಸಿ ಸ್ಟಾರ್ಟ್ ಮಾಡಬೇಡಿ. ಬೋರಿನಲ್ಲಿ ಕೆಂಪು ಪುಡಿ ಇನ್ನೂ ಇದೆ, ಅದು ಪಾಲಿಶ್ ಪುಡಿಯ ಕೆಲಸವನ್ನೇ ಮಾಡುತ್ತದೆ. ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಇಳಿಸಲೇಬೇಕು.

ಹೆಡ್ ಇಳಿಸುವಲ್ಲಿ ಒಂದು ಸೂಕ್ಷ್ಮವಿದೆ. ರಾಕರ್ ಶಾಫ್ಟನ್ನು (ವಾಲ್ ಒತ್ತುವ ಸನ್ನೆಗಳ ದಂಡವನ್ನು) ಹಿಡಿದಿರುವ ಕೆಲವು ಸ್ಟಡ್ಡುಗಳೇ ಹೆಡ್ಡನ್ನೂ ಹಿಡಿದಿರುತ್ತವೆ. ರಾಕರ್ ಮಾತ್ರ ಬಿಚ್ಚುತ್ತೇನೆಂದು ಅವನ್ನಷ್ಟೇ ಸಡಿಲಿಸಿದರೆ ಹೆಡ್ ಒಂದು ಬದಿಗೆ ಎಳೆದು ಸೊಟ್ಟಗಾಗುತ್ತದೆ. ಎಲ್ಲ ನಟ್ಟುಗಳನ್ನೂ ಸ್ವಲ್ಪಸ್ವಲ್ಪವೇ, ಸರದಿಯಂತೆ ಸಡಿಲಿಸಬೇಕು. ಪುಶ್ ರಾಡುಗಳನ್ನು ರಟ್ಟಿನ ತುಂಡಿಗೆ ಎಂಟು ತೂತು ಮಾಡಿ, ನಂಬರ್ ಬರೆದು, ಸಾಲಾಗಿ ಸಿಕ್ಕಿಸಿ. ಕ್ಯಾಮಿನ ಮೇಲೆ ಕೂರುವ ಟ್ಯಾಪೆಟ್ಟುಗಳದ್ದೂ ಹಾಗೆಯೇ. ಒಂದೊಂದೂ ತನ್ನ ಉಬ್ಬಿಗೆ ಒಗ್ಗಿ ಸವೆದಿರುತ್ತದೆ, ಅದಲುಬದಲಾದರೆ ಹೊಸ ಜೋಡಿ ಬೇಗ ತಿಂದುಹಾಕುತ್ತದೆ.

ಬೋರಿನ ಮೇಲ್ತುದಿಯ ಏಣನ್ನು ಉಗುರಿನಿಂದ ಮುಟ್ಟಿ ನೋಡಿ. ಉಗುರು ಸಿಕ್ಕಿಹಾಕಿಕೊಂಡರೆ ಡಯಲ್ ಗೇಜ್ ತರಿಸಬೇಕು. ಮೇಲಿನ ಅಳತೆಗೂ ಕೆಳಗಿನದಕ್ಕೂ 0.2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಇಲ್ಲವೇ ತುಕ್ಕಿನ ಕುಳಿ ಬೆರಳಿಗೆ ಸಿಕ್ಕರೆ, ಹೊಸ ರಿಂಗು ಹಾಕುವುದು ದುಡ್ಡು ಹಾಳು. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಸೆಟ್ ಹಾಕಬೇಕು. 10, 20, 30, 40 ಎಂದು ಅಂಗಡಿಯವರು ಹೇಳುವುದು ಇಂಚಿನ ಸಾವಿರದ ಲೆಕ್ಕ. ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರಿಗೆ ಕೊಡಿ. ಇಪ್ಪತ್ತಕ್ಕೆ ಬೋರ್ ಹೊಡೆಸಿ ಆಮೇಲೆ ಇಪ್ಪತ್ತರ ಪಿಸ್ಟನ್ ಹುಡುಕುತ್ತ ಅಲೆಯುವುದು ಹಳೇ ಕಾರಿನವರ ತೀರ್ಥಯಾತ್ರೆ.

ಮನೆಯಲ್ಲೇ ಎಲ್ಲ ಮಾಡುತ್ತೇನೆಂಬ ಹಟ ಇಲ್ಲಿ ಬಿಡಬೇಕು. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ ಲೇತಿನವರ ಕೆಲಸ. ವಾಲ್ ಸೀಟ್ ಕೂಡ. ಈ ಎಂಜಿನ್ ಹುಟ್ಟಿದ್ದು ಸೀಸ ಬೆರೆಸಿದ ಪೆಟ್ರೋಲಿಗೆ. ಆ ಸೀಸವೇ ಎಕ್ಸಾಸ್ಟ್ ಸೀಟನ್ನು ಕಾಯುತ್ತಿತ್ತು. 2000ದಲ್ಲಿ ಅದು ದೇಶದಾದ್ಯಂತ ನಿಂತಿತು. ಹೆಡ್ ಹೇಗೂ ಲೇತಿಗೆ ಹೋಗುವುದರಿಂದ ಗಟ್ಟಿ ಉಕ್ಕಿನ ಎಕ್ಸಾಸ್ಟ್ ಸೀಟ್ ಕೂರಿಸಿಬಿಡುವುದು ಜಾಣತನ. ವಾಲ್ ಲ್ಯಾಪಿಂಗ್, ಅಂದರೆ ವಾಲನ್ನು ಸೀಟಿಗೆ ಉಜ್ಜಿ ಕೂರಿಸುವುದು, ಮಾತ್ರ ಮನೆಯಲ್ಲೇ ಆಗಲಿ: ಪೇಸ್ಟ್ ಹಚ್ಚಿ, ಮಜ್ಜಿಗೆ ಕಡೆದಂತೆ ಅಂಗೈಗಳ ನಡುವೆ ಕೋಲು ತಿರುಗಿಸಿ, ಸುತ್ತಲೂ ಒಡಕಿಲ್ಲದ ಬೂದು ಪಟ್ಟಿ ಬರುವ ತನಕ.

ಲೇತಿನಿಂದ ಬಂದ ಬ್ಲಾಕನ್ನು ಯಾರೂ ನಂಬಬಾರದು. ಬಿಸಿನೀರು, ಸೋಪಿನ ಪುಡಿ, ಬ್ರಷ್ಷಿನಿಂದ ತಿಕ್ಕಿ, ಆಯಿಲ್ ಓಡುವ ದಾರಿಗಳಿಗೆಲ್ಲ ಗಾಳಿ ಹೊಡೆದು, ಬೋರಿಗೆ ಕೂಡಲೇ ಎಣ್ಣೆ ಸವರಬೇಕು. ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆ ಬಿಳಿಯಾಗೇ ಉಳಿಯಬೇಕು. ಎಷ್ಟೋ ಹೊಸ ಬೇರಿಂಗುಗಳು ಸಾವಿರ ಕಿಲೋಮೀಟರಿಗೇ ಹೋಗುವುದು ಒಳಗುಳಿದ ಲೋಹದ ಪುಡಿಯಿಂದ. ಬೈಗುಳ ಮಾತ್ರ ಬೇರಿಂಗ್ ಕಂಪನಿಗೆ.

ಜೋಡಿಸುವಾಗ ರಿಂಗನ್ನು ಮೊದಲು ಬೋರಿಗಿಳಿಸಿ, ಪಿಸ್ಟನ್ನಿನಿಂದ ಒತ್ತಿ ನೇರ ಮಾಡಿ, ಬಾಯಿಯ ಸಂದನ್ನು ಫೀಲರಿನಿಂದ (ತೆಳು ತಗಡಿನ ಅಳತೆಪಟ್ಟಿಯಿಂದ) ಅಳೆಯಿರಿ. 0.25ರಿಂದ 0.35 ಮಿ.ಮೀ. ಸರಿ, ಅದಕ್ಕಿಂತ ಕಡಿಮೆಯಿದ್ದರೆ ಕಾದಾಗ ತುದಿಗಳು ಒಂದಕ್ಕೊಂದು ತಾಗಿ ರಿಂಗು ಮುರಿಯುತ್ತದೆ. ಕನೆಕ್ಟಿಂಗ್ ರಾಡಿನ ಕ್ಯಾಪು ಓರೆಯಾಗಿ ಸೀಳಿದ್ದು, ನಂಬರ್ ನೋಡಿಯೇ ಹಾಕಬೇಕು. ಟೈಮಿಂಗ್ ಚೈನಿನ ಎರಡು ಚಕ್ರಗಳ ಚುಕ್ಕಿಗಳು ಎದುರುಬದುರಾಗಿರಲಿ. ಟ್ಯಾಪೆಟ್ ಸಂದು 0.015 ಇಂಚು. ಎರಡು ವಾಲಿನ ನಂಬರ್ ಕೂಡಿದರೆ ಒಂಬತ್ತಾಗುವ ಲೆಕ್ಕ ನೆನಪಿಟ್ಟರೆ ಸಾಕು: ಒಂದನೇ ವಾಲ್ ಪೂರ್ತಿ ಒತ್ತಿದ್ದಾಗ ಎಂಟನೆಯದನ್ನು, ಮೂರು ಒತ್ತಿದ್ದಾಗ ಆರನ್ನು ಹೊಂದಿಸುವುದು. ಫೈರಿಂಗ್ ಆರ್ಡರ್ 1-3-4-2. ಡೆಲ್ಕೋ ಒಳಗಿನ ಪಾಯಿಂಟ್ ಗ್ಯಾಪ್ 0.015 ಇಂಚು, ಪ್ಲಗ್ಗಿನದು 0.025.

ಪೆಟ್ರೋಲಿನ ದಾರಿಯನ್ನು ಮರೆತರೆ ಇಷ್ಟೂ ವ್ಯರ್ಥ. ಹಳೇ ಟ್ಯಾಂಕಿನಲ್ಲಿರುವುದು ಈಗ ಪೆಟ್ರೋಲಲ್ಲ, ವಾರ್ನಿಷ್. ಅದನ್ನು ಚೆಲ್ಲಿ, ಟ್ಯಾಂಕ್ ಇಳಿಸಿ ತೊಳೆಸಿ, ಕಾರ್ಬುರೇಟರಿನ ಜೆಟ್ಟುಗಳನ್ನು ಗಾಳಿಯಿಂದಷ್ಟೇ ಬಿಡಿಸಿ. ತಂತಿ ತೂರಿಸಿದರೆ ತೂತು ದೊಡ್ಡದಾಗಿ ಮೈಲೇಜು ಹೋಗುತ್ತದೆ. ಬಂಕಿನಲ್ಲೀಗ ಸಿಗುವುದು 20 ಶೇಕಡಾ ಎಥನಾಲಿನ ಪೆಟ್ರೋಲ್. ಅರುವತ್ತರ ದಶಕದ ರಬ್ಬರಿಗೆ ಇದು ಒಗ್ಗದು: ಹೋಸು ಉಬ್ಬುತ್ತದೆ, ಪಂಪಿನ ಡಯಾಫ್ರಮ್ ಮೆತ್ತಗಾಗುತ್ತದೆ. ಎರಡನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ. ಅಸಿಟೋನ್ ಬಿಟ್ಟರೆ ಬೆಂಕಿಯ ಭಯ ಇರುವುದು ಇಲ್ಲೇ, ಉಳಿದದ್ದರಲ್ಲಿ ಬರೀ ಖರ್ಚಿನ ಭಯ.

20ಡಬ್ಲ್ಯು-50 ಆಯಿಲ್ ಸುಮಾರು ನಾಲ್ಕು ಲೀಟರ್. ಡಿಪ್‌ಸ್ಟಿಕ್ ಹೇಳಿದ್ದೇ ಕೊನೆಯ ಮಾತು. ಈಗ ಸೆಲ್ಫ್ ಹೊಡೆಯಬಹುದು, ಆದರೆ ಪ್ಲಗ್ ಹಾಕದೆ. ಆಯಿಲ್ ಪ್ರೆಷರ್ ಮುಳ್ಳು ಏಳುವ ತನಕ ಬರಿದೇ ತಿರುಗಿಸಿ, ಆಮೇಲೆ ಪ್ಲಗ್ ಕೂರಿಸಿ. ಕ್ಯಾಮ್, ಟ್ಯಾಪೆಟ್ ಹೊಸದಾಗಿದ್ದರೆ ಹಿಡಿದ ಕೂಡಲೇ ಐಡಲ್‌ಗೆ ಬಿಡದೆ 1500ರಿಂದ 2000 ಆರ್‌ಪಿಎಮ್‌ನಲ್ಲಿ ಇಪ್ಪತ್ತು ನಿಮಿಷ ಓಡಿಸಬೇಕು. ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ಓಡುವಾಗ 50 ಪೌಂಡಿನ ಆಸುಪಾಸು, ಐಡಲಿನಲ್ಲಿ 15 ತೋರಿಸಿದರೆ ಒಳಗೆಲ್ಲ ಸುಖ. ಹಿಂದಿನ ಮೇನ್ ಬೇರಿಂಗಿನಿಂದ ನಾಲ್ಕು ಹನಿ ಎಣ್ಣೆ ನೆಲಕ್ಕೆ ಬಿದ್ದರೆ ಮತ್ತೆ ಎಂಜಿನ್ ಇಳಿಸಬೇಡಿ. ಅಲ್ಲಿ ರಬ್ಬರ್ ಸೀಲೇ ಇಲ್ಲ, ಎಣ್ಣೆಯನ್ನು ಹಿಂದಕ್ಕೆ ತಳ್ಳುವ ಒಂದು ಸುರುಳಿ ಗೆರೆ ಮಾತ್ರ, ಹೊಸತರಲ್ಲೂ ಸೋರುತ್ತಿತ್ತು.

ಐನೂರು ಕಿಲೋಮೀಟರ್ ಆದ ಮೇಲೆ ಆಯಿಲ್, ಫಿಲ್ಟರ್ ಬದಲಾಯಿಸಿ, ತಣ್ಣಗಿರುವಾಗ ಹೆಡ್ ನಟ್ಟುಗಳನ್ನು ಮ್ಯಾನ್ಯುಯಲ್ಲಿನ ಸರದಿಯಲ್ಲಿ ಮತ್ತೆ ಟಾರ್ಕ್ ಮಾಡಬೇಕು. ರಾಕರಿನ ಸ್ಟಡ್ಡುಗಳೂ ಅದರಲ್ಲೇ ಸೇರಿರುವುದರಿಂದ ಟ್ಯಾಪೆಟ್ ಸಂದು ಬದಲಾಗಿರುತ್ತದೆ. ಮತ್ತೆ ಒಂಬತ್ತರ ಲೆಕ್ಕ ಹಿಡಿದು ಎಂಟನ್ನೂ ಹೊಂದಿಸಿ, ಹೊಸ ಕಾರ್ಕ್ ಗ್ಯಾಸ್ಕೆಟ್ ಇಟ್ಟು ಕವರ್ ಮುಚ್ಚಿ.