ಮೇಜಿನ ಮೇಲಿನ ಅಟ್ಲಾಂಟಿಕ್

ಎರಡನೇ ಮಹಾಯುದ್ಧದ ಅಟ್ಲಾಂಟಿಕ್ ಕಾನ್ವಾಯ್‌ಗಳ (ಯುದ್ಧನೌಕೆಗಳ ಬೆಂಗಾವಲಿನಲ್ಲಿ ಗುಂಪಾಗಿ ಸಾಗುತ್ತಿದ್ದ ಸರಕು ಹಡಗುಗಳ) ಇತಿಹಾಸವನ್ನು ಆಧರಿಸಿ ಸಹಕಾರಿ ಬೋರ್ಡ್ ಗೇಮ್ ಒಂದನ್ನು ರೂಪಿಸುತ್ತಿದ್ದೇನೆ. ಎಲ್ಲರೂ ಒಟ್ಟಾಗಿ ಗೆಲ್ಲುವ ಅಥವಾ ಒಟ್ಟಾಗಿ ಸೋಲುವ ಇಂಥ ಆಟಗಳಿಗೆ ಒಂದು ಹಳೆಯ ಕಾಯಿಲೆಯಿದೆ: ಹೆಚ್ಚು ಬಲ್ಲವರೊಬ್ಬರು ಉಳಿದವರ ಸರದಿಯನ್ನೂ ತಾವೇ ಆಡಿಬಿಡುತ್ತಾರೆ. ನನ್ನ ಮೊದಲ ಮಾದರಿಯನ್ನು ಆಡಿಸಿದಾಗ ಮೂರನೇ ಸುತ್ತಿಗೇ ಒಬ್ಬರು ಪಕ್ಕದವರ ಕಾರ್ವೆಟ್ ಎಂಬ ಚಿಕ್ಕ ಬೆಂಗಾವಲು ಹಡಗನ್ನು ಎತ್ತಿ ಮುಂದಿಟ್ಟರು. ಆ ಹಡಗನ್ನು ನಡೆಸಬೇಕಿದ್ದ ಆಟಗಾರ್ತಿ ಕೈಕಟ್ಟಿಕೊಂಡು ಹಿಂದಕ್ಕೆ ಒರಗಿ, ಆಟ ಮುಗಿಯುವವರೆಗೆ ಹಾಗೆಯೇ ಕುಳಿತಿದ್ದರು.

ಈ ಕಾಯಿಲೆ ನಿಜವಾದ ಸಮುದ್ರದಲ್ಲೂ ಇತ್ತು. 1942ರ ಜುಲೈ 4ರಂದು, ಜರ್ಮನಿಯ ಟಿರ್ಪಿಟ್ಜ್ ಯುದ್ಧನೌಕೆ ಎರಗೀತೆಂಬ ಭಯದಿಂದ ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಡ್ಲಿ ಪೌಂಡ್ ಲಂಡನ್ನಿನಲ್ಲಿ ಕುಳಿತೇ, ಆರ್ಕ್‌ಟಿಕ್‌ನಲ್ಲಿ ಸಾಗುತ್ತಿದ್ದ ಪಿಕ್ಯೂ 17 ಕಾನ್ವಾಯ್‌ಗೆ ಚದುರಿಹೋಗುವಂತೆ ಆಜ್ಞಾಪಿಸಿದರು. ಬೆಂಗಾವಲು ಕಳೆದುಕೊಂಡ ಸರಕು ಹಡಗುಗಳು ಒಂದೊಂದಾಗಿ ಬೇಟೆಗೆ ಸಿಕ್ಕವು. ಹೊರಟಿದ್ದ 35ರಲ್ಲಿ 24 ಮುಳುಗಿದವು.

ನನಗೆ ದಾರಿ ತೋರಿಸಿದ್ದು ಅದೇ ವರ್ಷ ಲಿವರ್‌ಪೂಲ್‌ನ ಡರ್ಬಿ ಹೌಸ್‌ನಲ್ಲಿ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ಆರಂಭಿಸಿದ ತಂತ್ರಾಭ್ಯಾಸ ಘಟಕ. ಅಲ್ಲಿ ಕೋಣೆಯ ನೆಲವೇ ಸಮುದ್ರ. ಮಹಿಳಾ ನೌಕಾಸೇವೆಯ ತರುಣಿಯರು ಮಂಡಿಯೂರಿ ಸೀಮೆಸುಣ್ಣದಲ್ಲಿ ಹಡಗುಗಳ ಜಾಡನ್ನು ಬರೆಯುತ್ತಿದ್ದರು. ಅಭ್ಯಾಸಕ್ಕೆ ಬಂದ ಅಧಿಕಾರಿಗಳಿಗೆ ಪರದೆಯ ಕಿಂಡಿಯಿಂದ ಕಂಡಷ್ಟೇ ಲೋಕ, ಜಲಾಂತರ್ಗಾಮಿಯ ಹಸಿರು ಗೆರೆ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಯು-ಬೋಟ್, ಅಂದರೆ ಜರ್ಮನ್ ಜಲಾಂತರ್ಗಾಮಿ, ರಾತ್ರಿ ಹಿಂದಿನಿಂದ ನೀರಿನ ಮೇಲೆಯೇ ಬಂದು ಹಡಗುಗಳ ಸಾಲಿನೊಳಗೆ ನುಸುಳುತ್ತದೆಂಬುದನ್ನು ಆ ನೆಲದ ಮೇಲೆ ಆಡಿ ಆಡಿಯೇ ಕಂಡುಕೊಂಡು, 'ರಾಸ್‌ಬೆರಿ' ಎಂಬ ಪ್ರತಿತಂತ್ರವನ್ನು ಹೆಣೆದರು. ಆಟವೊಂದು ಇಷ್ಟು ಜೀವಗಳನ್ನು ಕಾಯಬಲ್ಲದೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಆ ಕಿಂಡಿಯನ್ನೇ ನಾನು ನನ್ನ ಆಟಕ್ಕೂ ತಂದಿದ್ದೇನೆ. ಪ್ರತಿಯೊಬ್ಬರಿಗೂ ತಮ್ಮ ಹಡಗಿನ ಸುತ್ತಲಿನದಷ್ಟೇ ಕಾಣುತ್ತದೆ, ಮಾತಿಗೆ ಬದಲಾಗಿ ದೀಪಸಂಕೇತದ ಬಿಲ್ಲೆಗಳಿವೆ. ರೇಡಿಯೊ ಬಳಸಿದರೆ ಒಂದು ನಿಮಿಷ ಮುಕ್ತವಾಗಿ ಮಾತನಾಡಬಹುದು, ಆದರೆ ಶತ್ರುವಿನ ಎಲೆಗಳ ಕಟ್ಟಿಗೆ ಇನ್ನೊಂದು ಎಲೆ ಸೇರುತ್ತದೆ. ಜರ್ಮನ್ನರ ಬಿ-ಡೀನ್ಸ್ಟ್ ವಿಭಾಗವು ಕಾನ್ವಾಯ್‌ಗಳ ಗುಪ್ತಲಿಪಿಯನ್ನು ಓದುತ್ತಿತ್ತಲ್ಲವೇ? ಯು-ಬೋಟ್‌ಗಳನ್ನು ಒಬ್ಬ ಆಟಗಾರನ ಕೈಗೆ ಕೊಡಿ ಎಂದು ಕೆಲವರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ, ಏಕೆಂದರೆ ಎದುರಾಳಿಯ ಮುಖ ಕಂಡೊಡನೆ ಆ ಕತ್ತಲು ಕರಗಿಬಿಡುತ್ತದೆ.

ಹೊಸ ಮಾದರಿಯಲ್ಲಿ ಅದೇ ಆಟಗಾರ್ತಿ ಮತ್ತೆ ಆಡಿದರು. ಟಾರ್ಪಿಡೊ ತಗುಲಿದ ಹಡಗಿನವರು ನೀರಿನಲ್ಲಿದ್ದರು, ಎತ್ತಿಕೊಳ್ಳಲು ನಿಂತ ಹಡಗೇ ಮುಂದಿನ ಗುರಿಯಾಗುವ ಸಂಭವವಿತ್ತು. ಅವರು ಯಾರನ್ನೂ ಕೇಳದೆ ತಮ್ಮ ಕಾರ್ವೆಟ್ಟನ್ನು ಹಿಂದಕ್ಕೆ ತಿರುಗಿಸಿದರು. ಅಂದು ರಾತ್ರಿ ನಾನು ಅಂಕಪಟ್ಟಿಯನ್ನು ತಿದ್ದಿ, ಬದುಕುಳಿದವರ ಸಾಲನ್ನು ಸರಕಿನ ಟನ್ನುಗಳ ಸಾಲಿಗಿಂತ ಮೇಲೆ ಬರೆದೆ.