ವೈರ್ ಪೈಪಿನಲ್ಲಿ ನೀರು, ನೀರಿನ ಪೈಪಿನಲ್ಲಿ ಗಾಳಿ

ಮನೆ ಕಟ್ಟಿಸುವಾಗ ಬಾಗಿಲಿಗೆ ಯಾವ ಮರ, ಅಡುಗೆಮನೆ ಕಟ್ಟೆಗೆ ಯಾವ ಕಲ್ಲು ಎಂದು ಮನೆಮಂದಿಯೆಲ್ಲ ವಾರಗಟ್ಟಲೆ ಜಗಳವಾಡುತ್ತಾರೆ. ಗೋಡೆಯೊಳಗೆ ಹೋಗುವ ಪೈಪಿನ ಮಾತು ಬಂತೆಂದರೆ ಎಲ್ಲರಿಗೂ ಒಮ್ಮೆಗೇ ವೈರಾಗ್ಯ. ‘ಅದೇನ್ ಕಾಣುತ್ತಾ ಬಿಡಿ, ಯಾವ್ದೋ ಒಂದು ಹಾಕಿ.’ ಅಂಗಡಿಯವರು ಬಿಲ್ಲಿನಲ್ಲಿ ಕಾಂಡ್ಯೂಟ್ ಎಂದು ಬರೆಯುವ, ಉಳಿದವರೆಲ್ಲ ವೈರಿಂಗ್ ಪೈಪ್ ಎನ್ನುವ ಆ ಬಡಪಾಯಿ ಗಾರೆಯ ಹಿಂದೆ ಮುಚ್ಚಿಹೋಗುತ್ತದೆ. ಮುಂದೆ ಮೂವತ್ತು ವರ್ಷ ಆ ಮನೆಯವರ ನೆಮ್ಮದಿ ಅದರ ಕೈಯಲ್ಲಿ.

ಪೈಪು ಮಾರುವವರು ನಿಜವಾಗಿ ಮಾರುವುದು ಖಾಲಿ ಜಾಗವನ್ನು. ಆ ಜಾಗದ ನಿಯಮ ಸರಳ: ನೀರಿನ ಪೈಪು ತುಂಬಿ ಹರಿಯಬೇಕು, ವೈರಿನ ಪೈಪು ಅರ್ಧಕ್ಕಿಂತ ಹೆಚ್ಚು ಖಾಲಿ ಇರಬೇಕು. ಹಾಸನ, ಚಿಕ್ಕಮಗಳೂರು ಕಡೆ ನಡೆಯುವ ಅವಾಂತರಗಳೆಲ್ಲ ಹೆಚ್ಚುಕಮ್ಮಿ ಇವೆರಡೂ ಅದಲುಬದಲಾದದ್ದರ ಫಲ.

ಮೊದಲು ವೈರಿನ ಪೈಪು. 20, 25, 32 ಎಂಎಂ ಎಂದು ಹೇಳುವುದು ಹೊರಗಿನ ಅಳತೆ. 20ರ ಪೈಪಿನ ಒಳಗೆ ಸಿಗುವುದು ಹದಿನಾರು ಹದಿನೇಳು ಎಂಎಂ ಮಾತ್ರ. ಒಳಗಿನ ಜಾಗದಲ್ಲಿ ವೈರುಗಳು ಶೇ 40ಕ್ಕಿಂತ ಹೆಚ್ಚು ತುಂಬಬಾರದು. ಕೆಲಸದವರ ಲೆಕ್ಕದಲ್ಲಿ ಹೇಳುವುದಾದರೆ 1.5 ಸ್ಕ್ವೇರ್ ಎಂಎಂ ವೈರು 20ರ ಪೈಪಿಗೆ ಐದು, 25ರದ್ದಕ್ಕೆ ಎಂಟು. ಕಾಗದದ ಮೇಲೆ ಗುಣಾಕಾರ ಮಾಡಿದರೆ ಇದರ ಎರಡರಷ್ಟು ಹೋಗಬೇಕು. ಆದರೆ ಕಾಗದದ ಮೇಲೆ ತಿರುವುಗಳಿರುವುದಿಲ್ಲ.

ಖಾಲಿ ಬಿಡುವುದು ಎಳೆಯಲು ಸುಲಭವಾಗಲಿ ಎಂದಷ್ಟೇ ಅಲ್ಲ, ಬಿಸಿ ಆರಲಿ ಎಂದೂ ಹೌದು. ಕರೆಂಟು ಹರಿದರೆ ವೈರು ಕಾಯುತ್ತದೆ. ಒಂದೇ ಪೈಪಿನಲ್ಲಿ ಮೂರು ಸರ್ಕ್ಯೂಟ್ ತುರುಕಿದರೆ ಪ್ರತಿ ವೈರನ್ನೂ ಅದರ ಸಾಮರ್ಥ್ಯದ ಶೇ 70ರಷ್ಟಕ್ಕೆ ಮಾತ್ರ ನಂಬಬಹುದು. ಮೂರು ಕಿಲೋವ್ಯಾಟ್ ಗೀಸರ್ ಒಂದೇ ಸುಮಾರು 13 ಆಂಪಿಯರ್ ಎಳೆಯುತ್ತದೆ. ಅದಕ್ಕೆ 4 ಸ್ಕ್ವೇರ್ ಎಂಎಂ ವೈರು, ಅದರದ್ದೇ ಪೈಪು ಕೊಡಬೇಕು. ಕೊಡದಿದ್ದರೆ ಮಾಘ ಮಾಸದ ಬೆಳಿಗ್ಗೆ ನೀರಿನ ಜೊತೆ ಗೋಡೆಯೂ ಬೆಚ್ಚಗಾಗುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿ ಪೈಪು ಹಾಕಿದ ಮನೆಯಲ್ಲೂ ಗೃಹಪ್ರವೇಶವಾಗಿ ಮೊದಲ ಮಳೆಗಾಲಕ್ಕೆ ಯುಪಿಎಸ್ ಬರುತ್ತದೆ. ಕರೆಂಟು ಹೋಗುವ ಊರಿನಲ್ಲಿ ಮನೆ ಕಟ್ಟುತ್ತಿದ್ದೇವೆಂಬುದು ನಮ್ಮವರಿಗೆ ಯಾವಾಗಲೂ ಮನೆ ಮುಗಿದ ಮೇಲೆಯೇ ನೆನಪಾಗುವುದು. ಈಗ ಪ್ರತಿ ಬೋರ್ಡಿಗೂ ಇನ್ನೊಂದು ವೈರು ಹೋಗಬೇಕು. ‘ವೈರು ಹೋಗುತ್ತಾ ಏನಪ್ಪ?’ ‘ಓ, ಆರಾಮಾಗಿ ಹೋಗ್ತದೆ ಬುಡಿ ಸಾರ್.’ ಧರ್ಮಸ್ಥಳದ ಬಸ್ಸಿಗೆ ಕಂಡಕ್ಟರು ಇನ್ನೂ ನಾಲ್ಕು ಜನರನ್ನು ಹತ್ತಿಸಿಕೊಳ್ಳುವಾಗಿನ ಧೈರ್ಯವೇ ಇದೂ. ಹೋಗುವುದೇನೋ ಹೋಗುತ್ತದೆ. ಹೋಗುವಾಗ ಹೊಸ ವೈರು ಹಳೆಯದರ ಮೈಮೇಲೆ ಉಜ್ಜಿಕೊಂಡು, ತಿರುವಿನಲ್ಲಿ ಅದರ ಸಿಪ್ಪೆಯನ್ನು ಗರಗಸದಂತೆ ಕೊಯ್ಯುತ್ತದೆ. ಸರಿಯಾದ ಕ್ರಮವೆಂದರೆ ಹಳೆಯ ವೈರನ್ನು ಹೊರಗೆಳೆಯುವಾಗ ಅದರ ಬಾಲಕ್ಕೆ ದಾರ ಕಟ್ಟಿ, ಆ ದಾರದಿಂದ ಹಳೆಯದು ಹೊಸದು ಎಲ್ಲವನ್ನೂ ಒಟ್ಟಿಗೆ ಮತ್ತೆ ಎಳೆಯುವುದು. ಇದಕ್ಕೆ ಅರ್ಧ ದಿನ ಬೇಕು. ಅರ್ಧ ದಿನದ ಕೂಲಿ ಉಳಿಯಿತೆಂದು ಯಜಮಾನರಿಗೂ ಖುಷಿ, ಬೇಗ ಮುಗಿಯಿತೆಂದು ಹುಡುಗನಿಗೂ ಖುಷಿ.

ಎಳೆಯುವುದಕ್ಕೂ ಒಂದು ವಿದ್ಯೆಯಿದೆ. ವೈರುಗಳ ತುದಿಗಳನ್ನು ಒಂದೇ ಕಡೆ ಗಂಟು ಹಾಕಿದರೆ ಗಂಟು ಗೋಲಿ ಗಾತ್ರವಾಗಿ ಮೊದಲ ತಿರುವಿನಲ್ಲೇ ಸತ್ಯಾಗ್ರಹಕ್ಕೆ ಕೂರುತ್ತದೆ. ಎರಡೆರಡು ಇಂಚು ಹಿಂದೆಮುಂದೆ ಮಾಡಿ ಕಟ್ಟಿ, ಟೇಪು ಸುತ್ತಿ ಚೂಪು ಮಾಡಬೇಕು. ಒಬ್ಬ ಎಳೆದರೆ ಇನ್ನೊಬ್ಬ ಆ ತುದಿಯಿಂದ ವೈರನ್ನು ಸಿಕ್ಕಾಗದಂತೆ ತಳ್ಳುತ್ತಿರಬೇಕು. ಜಾರಲು ಟಾಲ್ಕಂ ಪೌಡರ್ ಸಾಕು. ಗ್ರೀಸು, ಗಾಡಿಯ ಆಯಿಲ್ಲು ಹಚ್ಚಿದರೆ ಸಲೀಸಾಗಿ ಜಾರುತ್ತದೆ ನಿಜ, ಆದರೆ ಅದು ವೈರಿನ ಸಿಪ್ಪೆಯನ್ನು ಕಾಲಕ್ರಮೇಣ ಹಾಳು ಮಾಡುತ್ತದೆ. ಎರಡು ಬಾಕ್ಸುಗಳ ನಡುವೆ ಲಂಬಕೋನದ ತಿರುವು ಎರಡಕ್ಕಿಂತ ಹೆಚ್ಚು ಬೇಡ. ಆ ತಿರುವಿಗೂ ರೆಡಿಮೇಡ್ ಎಲ್ಬೋ ಹಾಕುವ ಬದಲು ಪೈಪಿನೊಳಗೆ ಸ್ಪ್ರಿಂಗ್ ಇಟ್ಟು ಅಗಲವಾಗಿ ಬಗ್ಗಿಸಬೇಕು. ಎಲ್ಬೋ ಹಾಕಿದವನು ಬೇರೆ, ಅದರೊಳಗೆ ವೈರು ಎಳೆಯುವವನು ಬೇರೆ ಆಗಿರುತ್ತಾರಾದ್ದರಿಂದ ಈ ಬುದ್ಧಿಮಾತು ಯಾರಿಗೂ ಉಪಯೋಗಕ್ಕೆ ಬಂದದ್ದು ಕಡಿಮೆ.

ಮೋಲ್ಡ್ ಹಾಕುವ ದಿನ ಪೈಪಿನ ಪಾಲಿಗೆ ಕೆಟ್ಟ ದಿನ. ಕಂಬಿಗಳ ನಡುವೆ ಅಚ್ಚುಕಟ್ಟಾಗಿ ಕಟ್ಟಿದ ಪೈಪಿನ ಮೇಲೆ ಹತ್ತಾರು ಜನ ಓಡಾಡುತ್ತಾರೆ. ಅಗ್ಗದ ಲೈಟ್ ಪೈಪು ಅಲ್ಲೇ ಚಪ್ಪಟೆ. ಆದ್ದರಿಂದ ಮೋಲ್ಡಿನೊಳಗೆ ಮೀಡಿಯಂ ಗೇಜಿಗಿಂತ ಕಡಿಮೆಯದನ್ನು ಹಾಕಲೇಬಾರದು. ಸೊಲ್ಯೂಷನ್ ಹಚ್ಚದೆ ಬರೀ ತುರುಕಿದ ಜಾಯಿಂಟು ವೈಬ್ರೇಟರಿನ ನಡುಕಕ್ಕೆ ಬಿಟ್ಟುಕೊಂಡು, ಸಿಮೆಂಟು ಹಾಲು ಒಳಗೆ ಇಳಿದು ಮಾರನೇ ದಿನಕ್ಕೆ ಕಲ್ಲು. ಇನ್ನು ಫ್ಯಾನ್ ಬಾಕ್ಸಿನ ಬಾಯಿಗೆ ಕಾಗದ, ಥರ್ಮಕೋಲ್ ಏನಾದರೂ ತುಂಬದೆ ಬಿಟ್ಟರೆ ಬಾಕ್ಸು ತಾನಿದ್ದೆನೆಂಬ ಗುರುತನ್ನೇ ಉಳಿಸುವುದಿಲ್ಲ. ಆಮೇಲೆ ಸೆಂಟ್ರಿಂಗ್ ಬಿಚ್ಚಿ, ಸೂರು ನೋಡುತ್ತಾ, ಅಂದಾಜಿನ ಮೇಲೆ ಸುತ್ತಿಗೆ ಹಿಡಿದು ಬಾಕ್ಸು ಹುಡುಕುವ ಕಾರ್ಯಕ್ರಮ. ಹಾಲಿನ ಫ್ಯಾನು ಸರಿಯಾಗಿ ನಡುವೆ ಇಲ್ಲದ ಮನೆಗಳಲ್ಲಿ ವಾಸ್ತುವಿನ ಕಾರಣ ಕೇಳಬೇಡಿ, ಮುಕ್ಕಾಲುಪಾಲು ಬಾಕ್ಸು ಸಿಕ್ಕಿದ್ದೇ ಅಲ್ಲಿ.

ಹೀಗೆ ಉಳಿದುಬಂದ ಪೈಪಿನೊಳಗೆ ಇನ್ನು ಮಳೆ ಬರಬೇಕು. ಕಡೂರು, ಅರಸೀಕೆರೆ ಕಡೆ ಪೈಪಿನ ಬಾಯಿ ತೆರೆದಿದ್ದರೆ ಇರುವೆ, ಹಲ್ಲಿ, ಮಣ್ಣಿನ ಗೂಡು ಕಟ್ಟುವ ಕಡಜ. ಮೂಡಿಗೆರೆ, ಸಕಲೇಶಪುರದಲ್ಲಿ ನೇರವಾಗಿ ನೀರು. ಇದರ ರಾಜಮಾರ್ಗ ‘ಮುಂದೆ ಮೇಲೊಂದು ಅಂತಸ್ತು ಕಟ್ಟೋಣ’ ಎಂದು ತಾರಸಿಯ ಮೇಲೆ ಬಿಟ್ಟ ಪೈಪು. ಪಿಲ್ಲರಿನ ಕಂಬಿಗಳ ಪಕ್ಕ ಅದು ಆಕಾಶಕ್ಕೆ ಬಾಯಿ ತೆರೆದು ನಿಂತಿರುತ್ತದೆ. ಅದಕ್ಕೊಂದು ನೀರಿನ ಬಾಟಲಿ ಮಗುಚಿರುತ್ತಾರೆ. ಬೇಸಿಗೆಯ ಬಿಸಿಲಿಗೆ ಬಾಟಲಿ ಪುಡಿಪುಡಿ, ಜೂನ್‌ನಲ್ಲಿ ಹಾಲಿನ ಫ್ಯಾನಿನಿಂದ ತೊಟತೊಟ. ಮನೆಯವರು ಮೋಲ್ಡ್ ಸೋರುತ್ತಿದೆಯೆಂದು ಮೇಸ್ತ್ರಿಯನ್ನು ಬೈದು, ತಾರಸಿಗೆಲ್ಲ ವಾಟರ್‌ಪ್ರೂಫ್ ಬಳಿಸುತ್ತಾರೆ. ಆ ಪೈಪಿನ ಸುತ್ತಲೂ ನೀಟಾಗಿ ಬಳಿಸುತ್ತಾರೆ. ಪೈಪಿನ ಬಾಯಿ ಹಾಗೇ ಇರುತ್ತದೆ. ಬೇಕಾದದ್ದು ಇಷ್ಟೇ: ಸೊಲ್ಯೂಷನ್ ಹಚ್ಚಿ ಕೂರಿಸಿದ ಒಂದು ಎಂಡ್ ಕ್ಯಾಪ್. ವೈರು ಹೊರಗೆ ಬರಲೇಬೇಕಿದ್ದರೆ ಬಾಯಿ ನೆಲ ನೋಡುವಂತೆ ಎರಡು ಬೆಂಡ್.

ಎರಡನೆಯ ದಾರಿ ಕಂಬದಿಂದ ಬರುವ ಸರ್ವೀಸ್ ವೈರು. ಮಳೆ ನೀರು ವೈರನ್ನು ಹಿಡಿದುಕೊಂಡೇ ಮೀಟರಿನ ತನಕ ಬರುತ್ತದೆ. ಪೈಪಿನ ಬಾಯಿ ಕೆಳಮುಖವಾಗಿದ್ದು, ವೈರು ಒಳಹೋಗುವ ಮುಂಚೆ ಒಂದು ಜೋಲು ಬಿದ್ದು ಮೇಲೇರಿದ್ದರೆ ನೀರು ಜೋಲಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಬಿಗಿಯಾಗಿ ಎಳೆದು ಕಟ್ಟಿದ ವೈರು ನೋಡಲು ಬಲು ಚಂದ, ನೀರಿಗೂ ಅದೇ ಇಷ್ಟ. ಮೂರನೆಯದು ಮಳೆಯೇ ಇಲ್ಲದೆ ಬರುವ ನೀರು. ಚಳಿಗಾಲದ ರಾತ್ರಿ ಒಳಗಿನ ಬೆಚ್ಚಗಿನ ತೇವದ ಗಾಳಿ ಪೈಪಿನಲ್ಲಿ ಹರಿದು ಹೊರಗಿನ ತಣ್ಣನೆಯ ಬಾಕ್ಸಿನಲ್ಲಿ ಹನಿಗಟ್ಟುತ್ತದೆ. ಹೊರಗೋಡೆ ದಾಟುವ ಕಡೆ ಪೈಪಿನ ಬಾಯಿಗೆ ಸೀಲಂಟ್ ತುಂಬಿ, ಹೊರಗಿನ ಬಾಕ್ಸಿನ ತಳದಲ್ಲಿ ಐದಾರು ಎಂಎಂ ತೂತು ಇಟ್ಟರೆ ಆಯಿತು. ತೂತು ತಳದಲ್ಲಿ. ಮೇಲೆ ತೂತು ಹೊಡೆದು ‘ಗಾಳಿ ಆಡಲಿ’ ಎಂದವರೂ ಇದ್ದಾರೆ.

ನೀರು ಬಂದಿದೆ ಎಂದು ಮೊದಲು ಹೇಳುವುದು ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿಯೇ ಬೀಳುವ ಸ್ವಿಚ್ಚು. ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ಅದು ತಾಳೆ ನೋಡುತ್ತಿರುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಬಿದ್ದುಬಿಡುತ್ತದೆ. ಪೈಪಿನ ನಡುವೆ ಯಾರೋ ವೈರಿಗೆ ಗಂಟು ಹಾಕಿ ಬಟ್ಟೆ ಟೇಪು ಸುತ್ತಿದ್ದರೆ ಒಣಗಿದ್ದಾಗ ಏನೂ ಗೊತ್ತಾಗುವುದಿಲ್ಲ, ಮಳೆ ಹಿಡಿದ ದಿನ ಟಪ್. ಗಂಟು ಇರಬೇಕಾದದ್ದು ಬಾಕ್ಸಿನಲ್ಲಿ, ಕೈಗೆ ಸಿಗುವ ಕಡೆ. ಆರ್‌ಸಿಸಿಬಿ ಎಂಬ ಈ ಉಪಕಾರಿಯನ್ನು ‘ಸುಮ್ಸುಮ್ನೆ ಬೀಳ್ತದೆ’ ಎಂದು ಬೈಪಾಸ್ ಮಾಡಿಸುವವರ ಬಗ್ಗೆ ಮಾತ್ರ ತಮಾಷೆ ಮಾಡಲು ಮನಸ್ಸು ಬರುವುದಿಲ್ಲ. ಅದು ಬಿದ್ದರೆ ಮೇನ್ ಆಫ್ ಮಾಡಿ, ವೈರು ತೆಗೆದು, ದಾರಕ್ಕೆ ಬಟ್ಟೆ ಕಟ್ಟಿ ಪೈಪು ಒರೆಸಿ, ವೈರು ಬದಲಿಸಿ, ವೈರಿನ ಸಿಪ್ಪೆ ಗಟ್ಟಿಯಿದೆಯೇ ಎಂದು ಅಳೆಯುವ 500 ವೋಲ್ಟ್ ಮೆಗ್ಗರ್‌ನಲ್ಲಿ ಕನಿಷ್ಠ ಒಂದು ಮೆಗಾಓಮ್ ತೋರಿಸಿದ ಮೇಲೆಯೇ ಕರೆಂಟು ಕೊಡಬೇಕು.

ಹಳೆಯ ಹೆಂಚಿನ ಮನೆಗಳ ಸಮಸ್ಯೆ ಬೇರೆ. ಅಲ್ಲಿ ಅಟ್ಟದ ಮೇಲೆ ಇಲಿಗಳದ್ದೇ ಆಡಳಿತ. ಮೆತ್ತನೆಯ ಸುರುಳಿ ಪೈಪು ಅವಕ್ಕೆ ಹಲ್ಲು ಮಸೆಯುವ ಸಾಧನ. ಗಟ್ಟಿ ಪೈಪು ಹಾಕಿ ಎರಡೆರಡು ಅಡಿಗೆ ಸ್ಯಾಡಲ್, ಅಂದರೆ ಪೈಪು ಹಿಡಿಯುವ ಪಟ್ಟಿ, ಹೊಡೆಯುವುದೊಂದೇ ದಾರಿ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ತೋಟದ ಪಲ್ಪರ್ ಮನೆಯಲ್ಲಿ ಕಬ್ಬಿಣದ ಪೈಪು ಹಾಕಿದರೆ ಪೈಪಿಗೂ ಅರ್ಥಿಂಗ್ ಕೊಡಬೇಕು, ಕತ್ತರಿಸಿದ ತುದಿಯ ಒಳಗಂಚನ್ನು ಅರದಿಂದ ಉಜ್ಜಬೇಕು, ಒಂದು ಸರ್ಕ್ಯೂಟಿನ ಫೇಸ್ ನ್ಯೂಟ್ರಲ್ ಎರಡೂ ಒಂದೇ ಪೈಪಿನಲ್ಲಿರಬೇಕು. ಬೇರೆ ಬೇರೆ ಪೈಪಿನಲ್ಲಿ ಕಳಿಸಿದರೆ ಕಬ್ಬಿಣವೇ ಕಾಯುತ್ತದೆ.

ಇನ್ನು ನೀರಿನ ಪೈಪು. ಮಲೆನಾಡಿನ ಮನೆಗೆ ಗುಡ್ಡದ ಅಬ್ಬಿಯಿಂದ ಕಪ್ಪು ಎಚ್‌ಡಿಪಿಇ ಪೈಪಿನಲ್ಲಿ ಗ್ರಾವಿಟಿ ನೀರು ಬರುತ್ತದೆ. ಮೋಟರಿಲ್ಲ, ಬಿಲ್ಲಿಲ್ಲ, ಮತ್ತೆ ಎಷ್ಟೋ ದಿನ ನೀರೂ ಇಲ್ಲ. ನಲ್ಲಿ ತಿರುಗಿಸಿದರೆ ಬುಸ್ ಎನ್ನುತ್ತದೆ, ಕೆಮ್ಮುತ್ತದೆ, ಸುಮ್ಮನಾಗುತ್ತದೆ. ಪೈಪು ಗುಡ್ಡದ ಏರಿಳಿತಕ್ಕೆ ತಕ್ಕಂತೆ ಮಲಗಿರುವುದರಿಂದ ಪ್ರತಿ ಉಬ್ಬಿನಲ್ಲೂ ಗಾಳಿ ಸಿಕ್ಕಿಕೊಳ್ಳುತ್ತದೆ. ಒಂದೊಂದು ಉಬ್ಬಿನ ಗಾಳಿಯೂ ಒಂದಿಷ್ಟು ಎತ್ತರದ ಒತ್ತಡವನ್ನು ನುಂಗುತ್ತದೆ. ನಾಲ್ಕು ಉಬ್ಬು ಸೇರಿದರೆ ಗುಡ್ಡದ ಎತ್ತರವೆಲ್ಲ ಖರ್ಚಾಗಿ ನೀರು ಅರ್ಧದಲ್ಲೇ ನಿಲ್ಲುತ್ತದೆ. ಆಗ ಪೈಪಿಗೆ ಬಾಯಿಟ್ಟು ಗಾಳಿ ಹೀರುವುದು ಬಹಳ ಮನೆಗಳಲ್ಲಿ ಅಳಿಯಂದಿರಿಗೆ ಮೀಸಲಾದ ಕೆಲಸ. ಅದರ ಬದಲು ಎತ್ತರದ ಉಬ್ಬುಗಳಲ್ಲಿ ಒಂದೊಂದು ಟೀ ಜಾಯಿಂಟು, ಅದಕ್ಕೊಂದು ಸಣ್ಣ ನಲ್ಲಿ ಕೂರಿಸಿ, ಮೇಲಿನಿಂದ ಕೆಳಗೆ ಒಂದೊಂದಾಗಿ ತೆರೆದು ಗಾಳಿ ಬಿಡುತ್ತಾ ಬಂದರೆ ಸಾಕು. ದೊಡ್ಡ ಯೋಜನೆಗಳ ಪೈಪ್‌ಲೈನಿನ ಮೇಲೆ ಅಲ್ಲಲ್ಲಿ ಕಾಣುವ ಕಬ್ಬಿಣದ ಟೊಪ್ಪಿಗೆಗಳೂ ಇದೇ ಕೆಲಸ ಮಾಡುತ್ತವೆ. ಅಬ್ಬಿಯಲ್ಲಿ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗಿರಬೇಕು, ಅದಕ್ಕೆ ಜಾಲರಿ ಇರಬೇಕು. ಇಲ್ಲದಿದ್ದರೆ ಗಾಳಿಯ ಜೊತೆ ಏಡಿಯೂ ಬರುತ್ತದೆ.

ಒಂದು ಇಂಚು ಸಾಕು ಎನ್ನುವವರಿಗೆ ಒಂದು ಲೆಕ್ಕ. ಎರಡು ಇಂಚಿನ ಬದಲು ಒಂದು ಇಂಚಿನ ಪೈಪು ಹಾಕಿದರೆ ಸಿಗುವ ನೀರು ಅರ್ಧವಲ್ಲ, ಸುಮಾರು ಆರರಲ್ಲೊಂದು ಪಾಲು. ಎತ್ತರ ಹತ್ತು ಮೀಟರಿಗೆ ಒಂದು ಕೆಜಿ ಒತ್ತಡ. ಅಬ್ಬಿ 80 ಮೀಟರ್ ಮೇಲಿದ್ದು ಪೈಪು 6 ಕೆಜಿ ಒತ್ತಡ ತಡೆಯುವಂಥದ್ದಾಗಿದ್ದರೆ, ಕೆಳಗೆ ಗೇಟ್‌ವಾಲ್ವ್ ಮುಚ್ಚಿ ನೆಮ್ಮದಿಯಾಗಿ ಮಲಗಿದ ರಾತ್ರಿಯೇ ತೋಟದಲ್ಲಿ ಕಾರಂಜಿ. ನಡುವೆ ಒಂದು ತೆರೆದ ತೊಟ್ಟಿ ಕಟ್ಟಿ ಒತ್ತಡ ಮುರಿಯಬೇಕು. ಬಿಗಿಯಾಗಿ ಎಳೆದು ಹಾಕುವುದೂ ಬೇಡ. ಕಪ್ಪು ಪೈಪು ಬಿಸಿಲಿಗೂ ರಾತ್ರಿಯ ಚಳಿಗೂ ನಡುವೆ ನೂರು ಮೀಟರಿಗೆ ಒಂದಡಿಯಷ್ಟು ಹಿಗ್ಗಿ ಕುಗ್ಗುತ್ತದೆ. ಬೆಳಗಿನ ಜಾವ ಜಾಯಿಂಟು ಕಳಚಿಕೊಂಡದ್ದಕ್ಕೆ ಆನೆಯನ್ನು ದೂರುವ ಮುನ್ನ ಹೆಜ್ಜೆ ಗುರುತಿದೆಯೇ ನೋಡಿ.

ನೀರಿನದ್ದಿರಲಿ, ವೈರಿನದ್ದಿರಲಿ, ಗೋಡೆಯೊಳಗಿನ ಪೈಪು ಎಲ್ಲಿದೆ ಎಂಬುದು ಗೊತ್ತಾಗುವುದು ದೇವರ ಫೋಟೋಗೆ ಡ್ರಿಲ್ ಹಿಡಿದಾಗ. ಪೈಪು ನೆಟ್ಟಗೆ ಮೇಲಕ್ಕೆ ಇಲ್ಲವೇ ಅಡ್ಡಕ್ಕೆ ಹೋಗಿರಬೇಕು, ಓರೆಯಾಗಿ ಹೋಗಕೂಡದು. ಹಾಗಿದ್ದರೆ ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ಮೊಳೆ ಹೊಡೆಯದಿದ್ದರೆ ಸಾಕು. ಪೈಪು ಉಳಿಸಲೆಂದು ಓರೆಯಲ್ಲಿ ಗೋಡೆ ಕಡಿದ ಮನೆಯಲ್ಲಿ ಯಾವ ನಿಯಮವೂ ಕೆಲಸಕ್ಕೆ ಬಾರದು. ಗಾರೆಗೆ ಮುಂಚೆ ಪ್ರತಿ ಗೋಡೆಯ ಪಕ್ಕ ಟೇಪು ಹಿಡಿದು, ಮೂಲೆಯಿಂದ ಎಷ್ಟು, ನೆಲದಿಂದ ಎಷ್ಟು ಎಂದು ಕಾಣುವಂತೆ ಫೋಟೋ ತೆಗೆದು, ಪ್ರಿಂಟ್ ಹಾಕಿಸಿ ಮೀಟರ್ ಬಾಕ್ಸಿನ ಬಾಗಿಲಿಗೆ ಅಂಟಿಸಬೇಕು. ಫೋಟೋ ಎಲ್ಲರ ಮನೆಯಲ್ಲೂ ಇರುತ್ತದೆ. ಮಾವ, ಚಿಕ್ಕಪ್ಪ, ಮೇಸ್ತ್ರಿ, ಕೈಯಲ್ಲಿ ಸಿಹಿ ಹಿಡಿದ ಮಕ್ಕಳು ಎಲ್ಲರೂ ಸಾಲಾಗಿ ಗೋಡೆಗೆ ಒರಗಿ ನಿಂತಿರುತ್ತಾರೆ, ಪೈಪಿಗೆ ಸರಿಯಾಗಿ ಅಡ್ಡ.