ಕ್ಯಾಂಡಿಡ್ ಅಂತೆ, ಕ್ಯಾಂಡಿಡ್!

ಒಂದು ವಾರದಿಂದ ಹೊಟ್ಟೆ ಉರೀತಾ ಇದೆ. ಆಹಾರ ಮೇಳದಲ್ಲಿ ತಿಂದದ್ದಕ್ಕಲ್ಲ, ಅಲ್ಲಿ ಯಾರೋ ಒಬ್ಬ ಫೋಟೊಗ್ರಾಫರ್ ನಮ್ಮಮ್ಮನಿಗೆ ಗೊತ್ತಾಗದ ಹಾಗೆ ತೆಗೆದು ಆನ್‌ಲೈನ್‌ನಲ್ಲಿ ಹಾಕಿದ ಒಂದು ಫೋಟೊಗೆ. ಹೀಗೆ ತಿಳಿಸದೆ, ಸಹಜವಾಗಿ ಇರುವಾಗ ಹಿಡಿಯೋದಕ್ಕೆ ಕ್ಯಾಂಡಿಡ್ ಅಂತ ಹೆಸರು.

ಅಮ್ಮನನ್ನು ಮೇಳಕ್ಕೆ ಕರ್ಕೊಂಡು ಹೋಗಿದ್ದೆ. ಅವಳಿಗೆ 68. ಮೇಲಿನ ಸಾಲು ಪೂರ್ತಿ ಕಟ್ಟಿಸಿದ ಹಲ್ಲು. ಹಾಗಾಗಿ ನಾಲ್ಕು ಜನರ ಮುಂದೆ ತಿನ್ನೋದು ಅಂದ್ರೆ ಅವಳಿಗೆ ಸಂಕೋಚ. ಮದುವೆ ಮನೆಗಳಲ್ಲೂ ಅರ್ಧ ಊಟಕ್ಕೇ ಕೈ ತೊಳೆದುಬಿಡುತ್ತಾಳೆ. ಆವತ್ತು ಮಾತ್ರ ಅದೇನು ಹುಮ್ಮಸ್ಸೋ, ತಾನೇ ಮುಂದೆ ನಿಂತು ಮೂರು ಅಂಗಡಿ ಸುತ್ತಿದಳು. ಕೊನೆಗೆ ಗದ್ದಲದಿಂದ ಸ್ವಲ್ಪ ದೂರ, ಕಸದ ಡ್ರಮ್ಮಿನ ಪಕ್ಕ ಬಿದ್ದಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ನಾನು ನೀರು ತರಲು ಹೋದೆ.

ಆಮೇಲೆ ಏನಾಯ್ತು ಅಂತ ನನಗೆ ಗೊತ್ತಾಗಿದ್ದೇ ಫೋಟೊ ನೋಡಿ. ಹಲ್ಲಿನ ಸೆಟ್ಟಿನ ಒಳಗೆ ಏನೋ ಚೂರು ಸಿಕ್ಕಿಕೊಂಡಿದೆ. ಜನ ಇರುವ ಕಡೆಗೆ ಎಡಗೈ ಅಡ್ಡ ಹಿಡಿದಿದ್ದಾಳೆ. ಬಲಗೈ ಹೆಬ್ಬೆರಳಿಂದ ಸೆಟ್ಟನ್ನು ಸ್ವಲ್ಪ ಸಡಿಲಿಸಿ, ತೋರುಬೆರಳಲ್ಲಿ ಆ ಚೂರನ್ನು ಕೆದಕುತ್ತಿದ್ದಾಳೆ. ತುಟಿ ಒಂದು ಕಡೆಗೆ ಸೊಟ್ಟ. ಕಣ್ಣು ಅರೆ ಮುಚ್ಚಿದೆ. ತಟ್ಟೆ ತೊಡೆ ಮೇಲೆ ವಾಲಿದೆ. ಹೆಚ್ಚೆಂದರೆ ಐದು ಸೆಕೆಂಡಿನ ಕೆಲಸ.

ಗಮನಿಸಿ, ಕೈ ಅಡ್ಡ ಹಿಡಿದಿದ್ದಳು! ಫೋಟೊ ತೆಗೆದಿರೋದು ಇನ್ನೊಂದು ಕಡೆಯಿಂದ, ಎರಡು ಅಂಗಡಿಗಳ ಸಂದಿಯಿಂದ. ಅಂದರೆ ಆ ಮಹಾಶಯ ಅವಳು ಮುಚ್ಚಿಕೊಂಡಿದ್ದನ್ನು ನೋಡಿ, ಸುತ್ತು ಹಾಕಿಕೊಂಡು ಬಂದು, ಮುಚ್ಚದ ಕಡೆಯಿಂದ ಕ್ಲಿಕ್ ಮಾಡಿದ್ದಾನೆ.

ಮಂಗಳವಾರ ಚಿಕ್ಕಮ್ಮನ ಮಗ ಫ್ಯಾಮಿಲಿ ಗ್ರೂಪ್‌ಗೆ ಹಾಕಿದ. "ಇದು ದೊಡ್ಡಮ್ಮ ಅಲ್ವಾ?" ಅಂತ ಕೇಳಿ, ಜೊತೆಗೆ ಮೂರು ನಗುವ ಮುಖ. ಫೋಟೊ ಕಪ್ಪು ಬಿಳುಪು, ಇನ್ನೇನಿರುತ್ತೆ! ಬಣ್ಣ ತೆಗೆದುಬಿಟ್ಟರೆ ಯಾವುದು ಬೇಕಾದರೂ ಕಲೆ ಆಗುತ್ತೆ ಅಂತ ಇವರಿಗೆ ಯಾರು ಹೇಳಿಕೊಟ್ಟರೋ. ಕಂಪ್ಯೂಟರ್‌ನಲ್ಲಿ ಕಾಂಟ್ರಾಸ್ಟ್, ಅಂದರೆ ಕಪ್ಪು ಬಿಳುಪಿನ ಅಂತರ, ಏರಿಸಿ ಆ ಫೋಟೊಗ್ರಾಫರ್ ಅಮ್ಮನ ಮುಖದ ಒಂದೊಂದು ಸುಕ್ಕನ್ನೂ ನೇಗಿಲಲ್ಲಿ ಉತ್ತ ಹಾಗೆ ಮಾಡಿದ್ದಾನೆ. ಕೆಳಗೆ ಸಾಲು ಬೇರೆ: "ರುಚಿಗೆ ವಯಸ್ಸಿಲ್ಲ". ಅಯ್ಯೋ, ಅದು ರುಚಿ ಅಲ್ಲಪ್ಪಾ, ಹಲ್ಲಿನ ಸೆಟ್ಟಿನ ಕಾಟ.

ಆ ಫೋಟೊಗ್ರಾಫರ್‌ನನ್ನು ಹುಡುಕಿ ಮೆಸೇಜ್ ಮಾಡಿದೆ. ತುಂಬಾ ಮರ್ಯಾದೆಯಿಂದಲೇ ಕೇಳಿದೆ, ದಯವಿಟ್ಟು ತೆಗೀರಿ, ನಮ್ಮ ಅಮ್ಮ ಅದು ಅಂತ. ಬಂದ ಉತ್ತರ: "ಸಾರ್, ಕೇಳಿ ತೆಗೆದ್ರೆ ಅದು ಕ್ಯಾಂಡಿಡ್ ಹೇಗಾಗುತ್ತೆ? ಅದೂ ಪಬ್ಲಿಕ್ ಪ್ಲೇಸ್. ಸ್ಟ್ರೀಟ್ ಫೋಟೊಗ್ರಫಿ ಬಗ್ಗೆ ಸ್ವಲ್ಪ ಓದಿ."

ಓದಬೇಕಂತೆ. ನಾನು!

ಹನ್ನೊಂದು ವರ್ಷದಿಂದ ಕ್ಯಾಮೆರಾ ಹಿಡಿದಿದ್ದೀನಿ ಮಾರಾಯ. ಮೇಳ, ಸಂತೆಗಳಲ್ಲೇ ನನ್ನ ರಜಾ ದಿನ ಕಳೆಯೋದು. ಆ ಫೋಟೊ ನೋಡಿದ ತಕ್ಷಣ ನನಗೆ ಲೆನ್ಸ್ ಗೊತ್ತಾಯ್ತು. ಹಿಂದಿನದೆಲ್ಲ ಕರಗಿ ಬೆಣ್ಣೆಯಾಗಿದೆ, ಡ್ರಮ್ಮು ಅಮ್ಮನ ಬೆನ್ನಿಗೇ ಅಂಟಿಕೊಂಡ ಹಾಗಿದೆ. ದೂರದಿಂದ ಎಳೆಯುವ ಟೆಲಿ ಲೆನ್ಸ್, 200 ಎಂಎಂ ಆಸುಪಾಸು. ಈ ಎಂಎಂ ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತೆ. ಫುಲ್ ಫ್ರೇಮ್ (ಹಳೇ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸ್ ಹಾಕಿಕೊಂಡು ಒಬ್ಬರ ಮುಖ, ಭುಜ ತುಂಬಿಸಬೇಕಾದರೆ ಒಂದು ಮೀಟರ್ ಒಳಗೆ ಹೋಗಬೇಕು. ಆಗ ಅವರು ನಿಮ್ಮನ್ನು ನೋಡುತ್ತಾರೆ. ನಗುತ್ತಾರೆ, ಇಲ್ಲ ಬೈಯ್ಯುತ್ತಾರೆ, ಇಲ್ಲ ಮುಖ ತಿರುಗಿಸುತ್ತಾರೆ. ಏನೋ ಒಂದು ಉತ್ತರ ಸಿಗುತ್ತೆ. 200ರಲ್ಲಾದರೆ ಐದು ಮೀಟರ್ ಆಚೆ, ಯಾರದ್ದೋ ಬೆನ್ನ ಹಿಂದೆ ಅವಿತುಕೊಂಡು ನಿಂತರೂ ಅದೇ ಫ್ರೇಮ್ ಸಿಗುತ್ತೆ. ಉತ್ತರ ಕೇಳಿಸಿಕೊಳ್ಳುವ ತಾಪತ್ರಯವೇ ಇಲ್ಲ. ಇದನ್ನು ಧೈರ್ಯ ಅಂತ ಬೇರೆ ಹೇಳಿಕೊಳ್ಳುತ್ತಾರೆ.

ಇನ್ನೊಂದು ಮಾತು. ಈಗಿನ ಕ್ಯಾಮೆರಾಗಳಲ್ಲಿ ಸೆಕೆಂಡಿಗೆ 20 ಫ್ರೇಮ್ ತೆಗೆಯುವಂಥವೂ ಇವೆ, ಅದೂ ಒಂಚೂರೂ ಸದ್ದಿಲ್ಲದೆ. ಸೆಕೆಂಡಿಗೆ ಹತ್ತೇ ಅಂದುಕೊಳ್ಳಿ. ಐದು ಸೆಕೆಂಡಿಗೆ ಐವತ್ತು ಫೋಟೊ. ಆ ಚೂರು ಹೊರಬಂದ ಮೇಲೆ ಅಮ್ಮನ ಮುಖದಲ್ಲಿ ಒಂದು ನೆಮ್ಮದಿ ಬಂದಿರುತ್ತೆ, ಅವಳನ್ನು ನಾನು ಬಲ್ಲೆ. ಅದೂ ಆ ಐವತ್ತರಲ್ಲಿ ಎಲ್ಲೋ ಇದ್ದಿರಬೇಕು. ಈತ ಮನೆಗೆ ಹೋಗಿ, ಆರಾಮಾಗಿ ಕೂತು, ಎಲ್ಲವನ್ನೂ ನೋಡಿ ಇದನ್ನೇ ಆರಿಸಿದ್ದಾನೆ. ಕ್ಷಣ ತಾನಾಗಿ ಸಿಕ್ಕಿತು ಅಂತ ನನ್ನ ಹತ್ತಿರ ಹೇಳಬೇಡಿ.

ಈ ಜನ ಮಾತೆತ್ತಿದರೆ ಸ್ಟ್ರೀಟ್ ಫೋಟೊಗ್ರಫಿಯ ಗುರು ಅನ್ನಿಸಿಕೊಂಡ ಫ್ರಾನ್ಸಿನ ಕಾರ್ಟಿಯೆ ಬ್ರೆಸ್ಸನ್ ಹೆಸರು ಎಳೆದು ತರುತ್ತಾರೆ. ಆತ ಲೈಕಾ ಕ್ಯಾಮೆರಾ ಹೊಳೆಯಬಾರದು ಅಂತ ಅದಕ್ಕೆ ಕಪ್ಪು ಟೇಪ್ ಸುತ್ತಿದ್ದ, ಯಾರಿಗೂ ಗೊತ್ತಾಗದ ಹಾಗೆ ಫೋಟೊ ತೆಗೆಯುತ್ತಿದ್ದ, ಸರಿ. ಆದರೆ ಬೇರೆಯವರು ತನ್ನ ಫೋಟೊ ತೆಗೆಯೋದು ಆತನಿಗೆ ಆಗ್ತಾನೇ ಇರಲಿಲ್ಲ, ಅದನ್ನು ಯಾಕೆ ಹೇಳಲ್ಲ? ಆತ ಹೆಚ್ಚಾಗಿ ಬಳಸುತ್ತಿದ್ದದ್ದು 50 ಎಂಎಂ. ನಡೆದು ಹತ್ತಿರ ಹೋಗುತ್ತಿದ್ದ.

ಇನ್ನು ಪಬ್ಲಿಕ್ ಪ್ಲೇಸ್ ವಾದ. ನ್ಯೂಯಾರ್ಕ್‌ನಲ್ಲಿ ಫಿಲಿಪ್ ಲೋರ್ಕಾ ಡಿಕಾರ್ಸಿಯಾ ಅನ್ನುವ ಫೋಟೊಗ್ರಾಫರ್ ಟೈಮ್ಸ್ ಸ್ಕ್ವೇರ್‌ನಲ್ಲಿ ಮರೆಯಿಂದ ಫ್ಲಾಶ್ ಹೊಡೆದು ದಾರಿಹೋಕರ ಮುಖ ಹಿಡಿದ. ಅವರಲ್ಲಿ ಒಬ್ಬ ವಯಸ್ಸಾದ ಮನುಷ್ಯ, ಧರ್ಮಶ್ರದ್ಧೆ ಇದ್ದವರು, ಕೋರ್ಟಿಗೆ ಹೋದರು. 2006ರಲ್ಲಿ ಕೇಸು ಬಿದ್ದುಹೋಯಿತು. ಅದು ಕಲೆ, ವ್ಯಾಪಾರ ಅಲ್ಲ ಅಂತ ತೀರ್ಪು. ಅದೇ ಫ್ರಾನ್ಸ್‌ನಲ್ಲಿ ತನ್ನ ಮುಖದ ಮೇಲೆ ತನಗೇ ಹಕ್ಕು ಅಂತ ಕಾನೂನು ಒಪ್ಪುತ್ತದೆ. ಒಂದೊಂದು ದೇಶದಲ್ಲಿ ಒಂದೊಂದು ಥರ. ನಾನೇನು ಕೋರ್ಟಿಗೆ ಹೋಗ್ತಾ ಇಲ್ಲ. ಜೈಲಿಗೆ ಹಾಕಲ್ಲ ಅನ್ನೋದೊಂದೇ ಕಾರಣಕ್ಕೆ ಏನು ಬೇಕಾದರೂ ಮಾಡಬಹುದಾ?

ಕೇಳಿ ತೆಗೆದರೆ ಸಹಜತೆ ಹೋಗುತ್ತೆ, ಒಪ್ಪುತ್ತೀನಿ. ಕ್ಯಾಮೆರಾ ಕಂಡ ಕೂಡಲೇ ತುತ್ತನ್ನು ಬಾಯಿಯ ಹತ್ತಿರ ಹಿಡಿದು ಬೊಂಬೆ ಥರ ನಿಲ್ಲುವವರನ್ನು ನಾನೂ ನೋಡಿದ್ದೀನಿ. ಆದರೆ ತೆಗೆದ ಮೇಲೆ ಕೇಳಬಹುದಲ್ವಾ? ಸ್ಕ್ರೀನ್ ತಿರುಗಿಸಿ ತೋರಿಸೋದಕ್ಕೆ ಎಷ್ಟು ಹೊತ್ತು ಬೇಕು? ಜಾಸ್ತಿ ಜನ ನಕ್ಕು "ನಮಗೂ ಕಳಿಸಿ" ಅಂತಾರೆ. ಬೇಡ ಅಂದರೆ ಅವರ ಎದುರಿಗೇ ಅಳಿಸಿದರಾಯ್ತು. ಒಲೆಯ ಮುಂದೆ ಬೆವರು ಸುರಿಸುತ್ತಾ ಸೌಟು ತಿರುಗಿಸುವ ಹೆಂಗಸೊಬ್ಬರ ಫೋಟೊ ತೆಗೆದಿದ್ದೆ. ಆ ವರ್ಷ ತೆಗೆದಿದ್ದರಲ್ಲೇ ಒಳ್ಳೆಯದು. ತೋರಿಸಿದೆ, ಬೇಡ ಅಂದರು. ಅಳಿಸಿದೆ. ನಿಜ ಹೇಳ್ತೀನಿ, ಅಳಿಸುವಾಗ ಕೈ ನಡುಗಿತು. ಇವತ್ತಿಗೂ ಆ ಬೆಳಕು ನೆನಪಾಗುತ್ತೆ. ಏನು ಮಾಡೋದು, ಮುಖ ಅವರದು.

ಎಲ್ಲರಿಗೂ ತೋರಿಸಿದ್ದೀನಾ? ಇಲ್ಲ. ಶುರುವಿನಲ್ಲಿ ನಾನೂ ಸುಮ್ನೆ ತೆಗೆದುಕೊಂಡು ಬಂದವನೇ. ಅಮ್ಮ ಅದನ್ನೇ ಹಿಡಿದಳು. ನಾನು ಹಾರಾಡುತ್ತಿದ್ದಾಗ ಕನ್ನಡಕ ಒರೆಸಿಕೊಳ್ಳುತ್ತಾ, "ನೀನೂ ಇದೇ ಮಾಡೋದಲ್ವೇನೋ?" ಅಂದಳು. ಬೇಜಾರಿನಿಂದಲ್ಲ, ನಿಜಕ್ಕೂ ತಿಳಿಯೋಕೆ ಕೇಳಿದ್ದು. ಅದು ಇನ್ನೂ ಉರಿಸುತ್ತೆ.

ಫೋಟೊ ಇನ್ನೂ ಅಲ್ಲೇ ಇದೆ. ನನ್ನ ಎರಡನೇ ಮೆಸೇಜ್ ನೋಡಿದ್ದಾನೆ, ಉತ್ತರ ಇಲ್ಲ. "ಎಂಥಾ ಭಾವ!" ಅಂತ ಯಾರೋ ಬರೆದಿದ್ದಾರೆ, ಅದಕ್ಕೆ ಮಾತ್ರ ಕೈ ಮುಗಿದಿದ್ದಾನೆ.

ಮುಂದಿನ ಭಾನುವಾರ ಇನ್ನೊಂದು ಮೇಳ ಇದೆ. ಹೋಗೋಣವಾ ಅಂತ ನಿನ್ನೆ ಕೇಳಿದೆ. "ನೀನು ಹೋಗಿ ಬಾರಪ್ಪ. ನಂಗೆ ಏನಾದ್ರೂ ಕಟ್ಟಿಸ್ಕೊಂಡು ಬಾ" ಅಂದಳು.